ಆರನೇ ವೈರ್: ಹಳೇ ಟಿವಿ ಕೇಬಲ್‌ನಲ್ಲಿ ಇಂಟರ್ನೆಟ್ ಕಳಿಸಿದ ಒಂದು ಮನೆಯ ಪ್ರಕರಣ

ಮನೆ, ಮನೆಯವರು

ಇದು ನನಗೆ ಪರಿಚಯದವರ ಮನೆಯಲ್ಲಿ ನಡೆದದ್ದು. ಹೆಸರು, ಊರು ಬೇಡ. ಮನೆಯಲ್ಲಿ ಮೂವರು: ನಾನು ಅಕ್ಕ ಎಂದು ಕರೆಯುವ ಒಬ್ಬರು, ಅವರ ಮಗ, ಅವರ ಅಪ್ಪ. ಆ ಹಿರಿಯರನ್ನು ಎಲ್ಲರೂ ತಾತ ಅಂತಲೇ ಕರೆಯುವುದು. ನಾನೂ ಹಾಗೇ.

ಮೂರು ಅಂತಸ್ತಿನ ಕಾಂಕ್ರೀಟ್ ಮನೆ. ಕೆಳಗೆ ಹಾಲ್, ಅದಕ್ಕೆ ಅಂಟಿಕೊಂಡಂತೆ ತಾತನ ಕೋಣೆ. ನಡುವಿನ ಅಂತಸ್ತಿನಲ್ಲಿ ಮಗನ ಕೋಣೆ. ಮೇಲೆ ಅಕ್ಕನ ಆಫೀಸ್ ಕೋಣೆ. ಫೈಬರ್ ಬರುವುದು ಹಾಲ್‌ನ ಒಂದು ಮೂಲೆಗೆ, ರೂಟರ್ ಇರುವುದೂ ಅಲ್ಲೇ. ಅಕ್ಕ ಮನೆಯಿಂದಲೇ ಕೆಲಸ ಮಾಡುವವರು. ದಿನಕ್ಕೆ ನಾಲ್ಕೈದು ವಿಡಿಯೊ ಕಾಲ್ ಇದ್ದೇ ಇರುತ್ತವೆ. ಹೀಗಾಗಿ ಇಂಟರ್ನೆಟ್ ಜಾಸ್ತಿ ಬೇಕಾದ ಕೋಣೆಯೇ ರೂಟರ್‌ನಿಂದ ಅತಿ ದೂರ. ಮನೆ ಕಟ್ಟುವಾಗ ಇದನ್ನೆಲ್ಲ ಯಾರು ಯೋಚಿಸಿರುತ್ತಾರೆ?

ಕನೆಕ್ಷನ್ 300 ಎಂಬಿಪಿಎಸ್‌ನದು. ರೂಟರ್ ಪಕ್ಕದಲ್ಲಿ ಅಷ್ಟೂ ಸಿಗುತ್ತಿತ್ತು. ನಡುವಿನ ಅಂತಸ್ತಿನಲ್ಲಿ 60ರ ಆಸುಪಾಸು. ಮೇಲೆ ಹತ್ತು ಬಂದರೆ ಪುಣ್ಯ. ವೈಫೈನ 5 ಗಿಗಾಹರ್ಟ್ಸ್ ಸಿಗ್ನಲ್ ವೇಗವಾಗಿರುತ್ತದೆ, ಆದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ತಾರಸಿ ದಾಟುವಾಗ ಸೊರಗಿಬಿಡುತ್ತದೆ. 2.4 ಗಿಗಾಹರ್ಟ್ಸ್ ಸ್ವಲ್ಪ ದೂರ ಹೋಗುತ್ತದೆ, ಆದರೆ ನಿಧಾನ. ಇಲ್ಲಿ ದಾಟಬೇಕಾಗಿದ್ದು ಎರಡು ತಾರಸಿ.

ನಾನು ಹೋಗುವ ಮೊದಲು ನಡೆದದ್ದು

ಮೊದಲು ಮೆಟ್ಟಿಲ ಹತ್ತಿರ ಒಂದು ರಿಪೀಟರ್ ಸಿಕ್ಕಿಸಿದ್ದರು. ಮೊಬೈಲ್‌ನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ತೋರಿಸುತ್ತಿತ್ತು, ಕಾಲ್ ಮಾತ್ರ ಕಟ್ ಆಗುತ್ತಲೇ ಇತ್ತು. ಕಾರಣ ಸರಳ. ಸಾದಾ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಬೇಕು, ಅದನ್ನೇ ಮತ್ತೆ ಹೇಳಬೇಕು. ವೇಗ ಅಲ್ಲೇ ಅರ್ಧ ಆಗುತ್ತದೆ. ಕಡ್ಡಿ ತೋರಿಸುವುದು ರಿಪೀಟರ್ ಎಷ್ಟು ಹತ್ತಿರ ಇದೆ ಎಂಬುದನ್ನೇ ಹೊರತು ರೂಟರ್ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದನ್ನಲ್ಲ.

ಆಮೇಲೆ ಕರೆಂಟ್ ವೈರ್‌ನಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ತಂದರು. ಅದು ರಾತ್ರಿ ಚೆನ್ನಾಗಿ ನಡೆಯುತ್ತಿತ್ತು. ಬೆಳಿಗ್ಗೆ ಮಿಕ್ಸಿ, ಮೋಟಾರ್ ಶುರುವಾದರೆ ಕುಸಿಯುತ್ತಿತ್ತು. ಅಕ್ಕನ ಕಾಲ್‌ಗಳೆಲ್ಲ ಬೆಳಿಗ್ಗೆಯೇ.

ಉಳಿದದ್ದು ಈಥರ್ನೆಟ್ ಕೇಬಲ್ ಎಳೆಯುವುದು. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಗೋಡೆಯೊಳಗಿನ ಪೈಪ್‌ಗಳಲ್ಲಿ ಎಳೆತಂತಿ ಸಿಕ್ಕಿಹಾಕಿಕೊಂಡಿತು, ಮುಂದೆ ಹೋಗಲೇ ಇಲ್ಲ. ಗೋಡೆ ಒಡೆಯಲು ತಾತ ಸುತಾರಾಂ ಒಪ್ಪಲಿಲ್ಲ.

ಅವತ್ತು ನಾನು ಮೇಲಿನ ಕೋಣೆಯಲ್ಲಿ ಸುಮ್ನೆ ಕೂತು ತಲೆ ಕೆರೆದುಕೊಳ್ಳುತ್ತಿದ್ದಾಗ, ಮೇಜಿನ ಹಿಂದಿನ ಗೋಡೆಯಲ್ಲಿ ಪೇಂಟ್ ಬಳಿದು ಮುಚ್ಚಿಹೋಗಿದ್ದ ಒಂದು ಪ್ಲೇಟ್ ಕಂಡಿತು. ನಡುವೆ ತಿರುಗಣೆ ಇದ್ದ ಸಣ್ಣ ಕನೆಕ್ಟರ್. ಕೇಬಲ್ ಟಿವಿ ಪಾಯಿಂಟ್!

“ಅದು ಹಳೇದು, ಎಷ್ಟೋ ವರ್ಷದಿಂದ ಡೆಡ್,” ಎಂದರು ಅಕ್ಕ.

“ಡೆಡ್ ಆದರೇನೇ ಒಳ್ಳೇದು ಅಕ್ಕ,” ಎಂದೆ.

ಟಿವಿ ವೈರ್ ಯಾಕೆ?

ಈ ವೈರ್‌ಗೆ ಕೋಯಾಕ್ಸ್ ಎನ್ನುತ್ತಾರೆ. ನಡುವೆ ಒಂದು ತಾಮ್ರದ ಎಳೆ, ಸುತ್ತ ದಪ್ಪ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಲೋಹದ ಹಾಳೆ ಮತ್ತು ಜಾಲರಿ. ಈ ಲೋಹದ ಹೊದಿಕೆ ಹೊರಗಿನ ಗಲಾಟೆಯನ್ನು ಒಳಗೆ ಬಿಡುವುದಿಲ್ಲ. ಪವರ್‌ಲೈನ್‌ಗೆ ಇಲ್ಲದ ಸೌಕರ್ಯ ಇದೇ. ಕೇಬಲ್ ಟಿವಿ ಸಾಮಾನ್ಯವಾಗಿ 1000 ಮೆಗಾಹರ್ಟ್ಸ್ ಒಳಗೇ ಮುಗಿಯುತ್ತದೆ. ಅದರ ಮೇಲಿನ ಜಾಗ ಖಾಲಿ.

ಆ ಖಾಲಿ ಜಾಗವನ್ನು ಬಳಸುವ ತಂತ್ರವೇ ಮೋಕಾ, ಅಂದರೆ ಮಲ್ಟಿಮೀಡಿಯಾ ಓವರ್ ಕೋಯಾಕ್ಸ್ ಅಲಯನ್ಸ್. ಕಂಪನಿಗಳು ಸೇರಿ 2004ರಲ್ಲಿ ಕಟ್ಟಿಕೊಂಡ ಕೂಟ ಅದು. ಅವರ 2.0 ಆವೃತ್ತಿ 2010ರಲ್ಲಿ ಬಂತು, 2.5 ಆವೃತ್ತಿ 2016ರಲ್ಲಿ. 2.5ರ ಅಡಾಪ್ಟರ್‌ಗಳು 1125ರಿಂದ 1675 ಮೆಗಾಹರ್ಟ್ಸ್ ನಡುವೆ ಮಾತಾಡುತ್ತವೆ. ಗರಿಷ್ಠ ವೇಗ 2.5 ಜಿಬಿಪಿಎಸ್, ಅದನ್ನು ಆ ವೈರ್‌ನಲ್ಲಿರುವ ಎಲ್ಲ ಅಡಾಪ್ಟರ್‌ಗಳೂ ಹಂಚಿಕೊಳ್ಳಬೇಕು. ಒಂದು ಜಾಲದಲ್ಲಿ 16 ಅಡಾಪ್ಟರ್ ಇರಬಹುದು. ರೂಟರ್ ಹತ್ತಿರ ಒಂದು, ಬೇಕಾದ ಕೋಣೆಯಲ್ಲಿ ಒಂದು ಇಟ್ಟರೆ, ನಡುವಿನ ಟಿವಿ ವೈರ್ ಈಥರ್ನೆಟ್ ಕೇಬಲ್‌ನ ಹಾಗೆ ಕೆಲಸ ಮಾಡುತ್ತದೆ.

ಕೇಳಲು ಸುಲಭ. ನಾವು ಮೂರು ಅಡಾಪ್ಟರ್ ತರಿಸಿದೆವು.

ನಾನು ಮಾಡಿದ ಅಂದಾಜು

ಮೊದಲು ಯಾವ ವೈರ್ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಿತ್ತು. ಮೇಲಿನ ಮೆಟ್ಟಿಲ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ. ಅದರೊಳಗೆ ಒಂದನ್ನು ನಾಲ್ಕಾಗಿ ಮಾಡುವ ಹಳೇ ಸ್ಪ್ಲಿಟರ್. ಅದಕ್ಕೆ ಐದು ವೈರ್ ಸೇರಿದ್ದವು: ಹೊರಗಿನ ಕಂಬದಿಂದ ಬಂದದ್ದು ಒಂದು, ಮನೆಯೊಳಗೆ ಹೋಗುವವು ನಾಲ್ಕು. ಆರನೆಯದು ಯಾವುದಕ್ಕೂ ಸೇರದೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

ಪತ್ತೆ ಮಾಡುವ ವಿಧಾನ ಹಳೆಯದು. ಕೋಣೆಯ ಪಾಯಿಂಟ್‌ನಲ್ಲಿ ನಡುವಿನ ಎಳೆಯನ್ನೂ ಹೊರ ಹೊದಿಕೆಯನ್ನೂ ಒಂದು ಚೂರು ತಂತಿಯಿಂದ ಸೇರಿಸಬೇಕು. ಡಬ್ಬದ ಹತ್ತಿರ ವೈರ್‌ಗಳನ್ನು ಸ್ಪ್ಲಿಟರ್‌ನಿಂದ ಬಿಡಿಸಿ, ಒಂದೊಂದಕ್ಕೂ, ಕರೆಂಟ್ ದಾರಿ ಪೂರ್ತಿ ಇದ್ದರೆ ಕೂಗುವ ಮೀಟರ್ ಹಿಡಿಯಬೇಕು. ಯಾವುದರಲ್ಲಿ ಮೀಟರ್ ಕೂಗುತ್ತದೋ ಅದೇ ಆ ಕೋಣೆಯ ವೈರ್. ಮೀಟರ್ ಹಿಡಿಯುವ ಮೊದಲು ಸೆಟ್ ಟಾಪ್ ಬಾಕ್ಸ್‌ನ ಪ್ಲಗ್ ತೆಗೆಯಲು ಮರೆಯಬಾರದು. ಡಿಶ್ ಇರುವ ಮನೆಯಲ್ಲಿ (ಇಲ್ಲೂ ತಾತನ ಟಿವಿಗೆ ತಾರಸಿಯ ಮೇಲೊಂದು ಡಿಶ್ ಇದೆ) ಅದು ಇದೇ ವೈರ್ ಮೂಲಕ 13 ಅಥವಾ 18 ವೋಲ್ಟ್ ಮೇಲಕ್ಕೆ ಕಳಿಸುತ್ತಿರುತ್ತದೆ.

ಅಕ್ಕನ ಕೋಣೆ ಸಿಕ್ಕಿತು. ಮಗನ ಕೋಣೆ ಸಿಕ್ಕಿತು. ತಾತನ ಕೋಣೆಯೂ ಸಿಕ್ಕಿತು. ಹಾಲ್‌ನದು ಮಾತ್ರ ಕೂಗಲಿಲ್ಲ. ನಾಲ್ಕರಲ್ಲಿ ಮೂರು ಸಿಕ್ಕ ಮೇಲೆ ಉಳಿದದ್ದು ಹಾಲ್‌ನದೇ ತಾನೇ? ಕನೆಕ್ಟರ್ ಎಲ್ಲೋ ತುಕ್ಕು ಹಿಡಿದಿರಬೇಕು ಅಂದುಕೊಂಡು ಮುಂದೆ ಹೋದೆ.

ಈ ಪ್ರಕರಣದಲ್ಲಿ ಹಾಳಾದ ಎರಡು ದಿನಗಳಿಗೂ ಆ ಒಂದು ಅಂದಾಜೇ ಕಾರಣ. ಮೀಟರ್ ‘ಇಲ್ಲ’ ಎಂದಿತ್ತು. ನಾನು ಅದನ್ನು ‘ಇರಬಹುದು’ ಎಂದು ಓದಿಕೊಂಡೆ.

ತಾತನ ಡೈರಿ

ಹಾಲ್‌ನ ಟಿವಿ ಪಾಯಿಂಟ್‌ಗೆ ಒಂದು ಸಣ್ಣ ಸ್ಪ್ಲಿಟರ್ ಹಾಕಿ, ಡಿಶ್‌ಗೆ ಕರೆಂಟ್ ಹೋಗುವ ಕಡೆಯಲ್ಲಿ ಸೆಟ್ ಟಾಪ್ ಬಾಕ್ಸ್, ಇನ್ನೊಂದು ಕಡೆ ಅಡಾಪ್ಟರ್ ಸೇರಿಸಿದೆ. ಇನ್ನೊಂದು ಅಡಾಪ್ಟರ್ ಮಗನ ಕೋಣೆಯಲ್ಲಿ. ಜೊತೆಗಾರ ಸಿಕ್ಕಿತು ಎಂದು ತೋರಿಸುವ ಕೋಯಾಕ್ಸ್ ದೀಪ ಎರಡರಲ್ಲೂ ಹತ್ತಲಿಲ್ಲ.

ಹಳೇ ಸ್ಪ್ಲಿಟರ್ ಮೇಲೆ 5–1000 ಮೆಗಾಹರ್ಟ್ಸ್ ಎಂದು ಬರೆದಿತ್ತು. ಸಿಕ್ಕಿಬಿದ್ದ ಕಳ್ಳ ಇದೇ ಅಂತ ಖುಷಿಪಟ್ಟು, 1675 ಮೆಗಾಹರ್ಟ್ಸ್‌ವರೆಗೆ ಬಿಡುವ ಹೊಸದನ್ನು ಹಾಕಿದೆ. ಆಗಲೂ ಹತ್ತಲಿಲ್ಲ. ಅಡಾಪ್ಟರ್ ಕೆಟ್ಟಿದೆಯಾ ಎಂದು ಅದಲು ಬದಲು ಮಾಡಿದೆ. ಕೊನೆಗೆ ಬುದ್ಧಿ ಬಂದು, ಎರಡನ್ನೂ ಮೇಜಿನ ಮೇಲಿಟ್ಟು ಒಂದು ಗಜದ ಕೋಯಾಕ್ಸ್ ತುಂಡಿನಲ್ಲಿ ನೇರ ಸೇರಿಸಿದೆ. ಒಂದು ನಿಮಿಷದೊಳಗೆ ದೀಪ ಹತ್ತಿತು. ಅಂದರೆ ಅಡಾಪ್ಟರ್ ಸರಿ ಇದೆ, ತಪ್ಪು ಗೋಡೆಯೊಳಗೆ. ಇದು ಮೊದಲ ದಿನ, ಪೆಟ್ಟಿಗೆ ಬಿಚ್ಚಿದ ಕೂಡಲೇ ಮಾಡಬೇಕಾಗಿದ್ದ ಪರೀಕ್ಷೆ.

ಅಷ್ಟರಲ್ಲಿ ತಾತ ಬಂದರು. “ಏನಪ್ಪಾ, ನೀನು ಅದೇನೋ ಸಿಕ್ಕಿಸಿದಾಗಿಂದ ನನ್ನ ಟಿವಿ ಚೌಕ ಚೌಕ ಒಡೀತಿದೆ.”

“ಎಲ್ಲಾ ಚಾನೆಲ್ಲೂ ಹೀಗೇನಾ ತಾತ?”

“ಇಲ್ಲ. ಕೆಲವು ಚೆನ್ನಾಗೇ ಬರ್ತಿವೆ.” ಹಾಗೆಂದು ಒಂದು ಹಳೇ ಡೈರಿ ಕೊಟ್ಟರು. ಒಡೆಯುವ ಚಾನೆಲ್‌ಗಳ ನಂಬರ್ ಒಂದು ಸಾಲು, ಒಡೆಯದವು ಇನ್ನೊಂದು ಸಾಲು. ನಿವೃತ್ತರಾದ ಮೇಲೂ ಲೆಕ್ಕ ಬರೆಯುವ ಅಭ್ಯಾಸ ಬಿಟ್ಟಿರಲಿಲ್ಲ.

ಪ್ರಕರಣ ತಿರುಗಿದ್ದು ಆ ಪುಟದಲ್ಲಿ. ಸೆಟ್ ಟಾಪ್ ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಚಾನೆಲ್ ಯಾವ ಫ್ರೀಕ್ವೆನ್ಸಿಯಲ್ಲಿ ಬರುತ್ತಿದೆ ಎಂದು ನೋಡಬಹುದು. ಉಪಗ್ರಹದಿಂದ ಬರುವ ಸಿಗ್ನಲ್ ಹತ್ತು ಹನ್ನೆರಡು ಸಾವಿರ ಮೆಗಾಹರ್ಟ್ಸ್‌ನಷ್ಟು ಎತ್ತರದ್ದು. ಅಷ್ಟು ಎತ್ತರದ್ದು ಉದ್ದನೆಯ ವೈರ್‌ನಲ್ಲಿ ಇಳಿದು ಬರಲಾರದು. ಅದಕ್ಕೇ ಡಿಶ್‌ನ ಮೂತಿಯಲ್ಲಿರುವ ಎಲ್‌ಎನ್‌ಬಿ ಅದರಿಂದ ಒಂದು ನಿಗದಿತ ಸಂಖ್ಯೆ ಕಳೆದು ಕೆಳಗೆ ಕಳಿಸುತ್ತದೆ. ಈ ಮನೆಯಲ್ಲಿ ಕಳೆಯುತ್ತಿದ್ದುದು 10600. ಅಂದರೆ 12000ದಲ್ಲಿ ಬರುವ ಚಾನೆಲ್ ವೈರ್‌ನಲ್ಲಿ 1400 ಆಗುತ್ತದೆ. 12500ರದ್ದು 1900 ಆಗುತ್ತದೆ.

ನಾನೂ ತಾತನೂ ಕೂತು ಕಳೆಯುವ ಲೆಕ್ಕ ಮಾಡಿದೆವು. ಒಡೆಯುತ್ತಿದ್ದವೆಲ್ಲ 1125 ಮತ್ತು 1675ರ ನಡುವೆ. ಒಡೆಯದವೆಲ್ಲ ಅದರ ಹೊರಗೆ. ಡಿಶ್‌ನ ಸಿಗ್ನಲ್ ವೈರ್‌ನಲ್ಲಿ 950ರಿಂದ 2150 ಮೆಗಾಹರ್ಟ್ಸ್‌ವರೆಗೆ ಹರಡಿರುತ್ತದೆ. ಮೋಕಾದ ಇಡೀ ಜಾಗ ಅದರ ಹೊಟ್ಟೆಯಲ್ಲೇ ಇದೆ. ಜೊತೆಗಾರ ಸಿಗದ ಅಡಾಪ್ಟರ್ ಕೂಡ ಸುಮ್ಮನಿರುವುದಿಲ್ಲ, ಯಾರಾದರೂ ಇದ್ದೀರಾ ಎಂದು ಆಗಾಗ ಕೂಗುತ್ತಿರುತ್ತದೆ. ತಾತನ ಚಾನೆಲ್ ಒಡೆಯಲು ಆ ಕೂಗೇ ಸಾಕು.

ಸರಿ, ದೀಪ ಯಾಕೆ ಹತ್ತಲಿಲ್ಲ? ತಾರಸಿಗೆ ಹೋಗಿ ಡಿಶ್‌ನ ವೈರ್ ಹಿಡಿದು ಬಂದಾಗ ಗೊತ್ತಾಯಿತು. ಕಪ್ಪು ಟೇಪ್ ಸುತ್ತಿದ ಒಂದು ಪುಟ್ಟ ಡಬ್ಬಿ, ಡೈಪ್ಲೆಕ್ಸರ್. ಕೇಬಲ್ ಮತ್ತು ಡಿಶ್ ಎರಡೂ ಇದ್ದ ಕಾಲದಲ್ಲಿ ಯಾರೋ ಎರಡನ್ನೂ ಒಂದೇ ವೈರ್‌ನಲ್ಲಿ ಹಾಲ್‌ಗೆ ಇಳಿಸಿದ್ದರು. ಡೈಪ್ಲೆಕ್ಸರ್‌ಗೆ ಎರಡು ಬಾಗಿಲು. ಕೆಳಗಿನ ಫ್ರೀಕ್ವೆನ್ಸಿ ಸ್ಪ್ಲಿಟರ್ ಕಡೆ, ಮೇಲಿನದು ಡಿಶ್ ಕಡೆ. ಮೋಕಾ ಮೇಲಿನದು, ಅಲ್ವಾ? ಹಾಲ್‌ನ ಅಡಾಪ್ಟರ್ ಕೂಗಿದ್ದೆಲ್ಲ ನೇರವಾಗಿ ಡಿಶ್‌ಗೆ ಹೋಗುತ್ತಿತ್ತು, ಸ್ಪ್ಲಿಟರ್‌ಗೆ ಒಂದು ಪಿಸುಮಾತೂ ತಲುಪುತ್ತಿರಲಿಲ್ಲ. ಮೀಟರ್ ಕೂಗದಿದ್ದದ್ದೂ ಅದಕ್ಕೇ. ಡೈಪ್ಲೆಕ್ಸರ್ ಕರೆಂಟನ್ನು ಡಿಶ್ ಕಡೆಗೆ ಮಾತ್ರ ಬಿಡುತ್ತದೆ.

ಯಾರು ಬಿಟ್ಟುಕೊಡಬೇಕು?

ಈಗ ತೀರ್ಮಾನ ತೆಗೆದುಕೊಳ್ಳಬೇಕಿತ್ತು. ಮಗ ತಕ್ಷಣ ಹೇಳಿದ್ದು, “ಡಿಶ್ ತೆಗೆದುಬಿಡೋಣ, ತಾತ ಎಲ್ಲಾನೂ ಇಂಟರ್ನೆಟ್‌ನಲ್ಲೇ ನೋಡಲಿ.” ತಂತ್ರಜ್ಞಾನದ ಕಡೆಯಿಂದ ನೋಡಿದರೆ ಅದೇ ಸಲೀಸು. ತಾತ ಏನೂ ಹೇಳಲಿಲ್ಲ, ರಿಮೋಟ್ ಜೇಬಿಗೆ ಹಾಕಿಕೊಂಡರು.

ಎರಡನೆಯ ದಾರಿ, ಡಿಶ್ ಮನೆಗಳಿಗೆಂದೇ 1000 ಮೆಗಾಹರ್ಟ್ಸ್ ಕೆಳಗೆ ಮಾತಾಡುವ ಅಡಾಪ್ಟರ್ ಹುಡುಕುವುದು. ಅಂಥವು ಇವೆ. ಆದರೆ ತಂದಿದ್ದನ್ನೆಲ್ಲ ವಾಪಸ್ ಕೊಟ್ಟು ಹೊಸ ಜಾತಿಯದ್ದಕ್ಕೆ ಹೋಗಬೇಕಿತ್ತು.

ಮೂರನೆಯದು, ಹಾಲ್‌ನ ವೈರನ್ನು ಪೂರ್ತಿ ಡಿಶ್‌ಗೇ ಬಿಟ್ಟು, ನಾವು ಬೇರೆ ವೈರ್ ಹಿಡಿಯುವುದು. ತಾತನ ಕೋಣೆಯಲ್ಲಿ ಬಳಸದ ಪಾಯಿಂಟ್ ಇತ್ತು. ರೂಟರ್‌ನಿಂದ ಅಲ್ಲಿಗೆ ಗೋಡೆಯ ಬುಡದಲ್ಲೇ ಒಂದು ಈಥರ್ನೆಟ್ ಕೇಬಲ್ ಎಳೆದರೆ ಸಾಕು, ಎಂಟು ಮೀಟರ್. ಇದನ್ನೇ ಆರಿಸಿಕೊಂಡೆವು. ನೋಡಲು ಚಂದ ಇಲ್ಲ, ಬಾಗಿಲ ಚೌಕಟ್ಟಿನ ಸುತ್ತ ಬಿಳಿ ಪಟ್ಟಿ ಕಾಣುತ್ತದೆ. ಆದರೆ ಯಾರ ದಿನಚರಿಯೂ ಬದಲಾಗಲಿಲ್ಲ. ಮನೆಯ ನೆಟ್‌ವರ್ಕ್ ಕೆಲಸದಲ್ಲಿ ಅದಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಡಬ್ಬದಲ್ಲಿ ಈಗ ಮೂರೇ ವೈರ್ ಸೇರಬೇಕು. ಹಾಗಾಗಿ ನಾಲ್ಕರ ಸ್ಪ್ಲಿಟರ್ ತೆಗೆದು ಎರಡರದು ಹಾಕಿದೆ. ಇದು ಸಣ್ಣ ವಿಷಯ ಅಲ್ಲ. ಎರಡರ ಸ್ಪ್ಲಿಟರ್‌ನಲ್ಲಿ ಸುಮಾರು 3.5 ಡೆಸಿಬಲ್ ನಷ್ಟ, ನಾಲ್ಕರದರಲ್ಲಿ ಸುಮಾರು 7. ಖಾಲಿ ಬಿಟ್ಟ ಬಾಯಿಯೂ ತನ್ನ ಪಾಲು ತಿನ್ನುತ್ತದೆ. ತೆಗೆಯಲಾಗದಿದ್ದರೆ 75 ಓಮ್‌ನ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಸಿಗ್ನಲ್ ಅಲ್ಲಿಂದ ಪ್ರತಿಫಲಿಸಿ ಗೊಂದಲ ಮಾಡುತ್ತದೆ. ರೂಟರ್ ಕಡೆಯ ವೈರನ್ನು ‘ಇನ್’ ಎಂದು ಬರೆದ ಬಾಯಿಗೆ ಕೊಟ್ಟೆ. ಹಾಗೆ ಮಾಡಿದರೆ ಕೆಳಗಿನಿಂದ ಎರಡೂ ಕೋಣೆಗೆ ಹೋಗುವ ದಾರಿ ಸಲೀಸು. ಒಂದು ‘ಔಟ್’ನಿಂದ ಇನ್ನೊಂದು ‘ಔಟ್’ಗೆ ಹಾರುವುದು ಸಿಗ್ನಲ್‌ಗೆ ಕಷ್ಟದ ಕೆಲಸ.

ಕಂಬದಿಂದ ಬಂದ ವೈರನ್ನು ಬಿಡಿಸಿಬಿಟ್ಟೆ. ಕೇಬಲ್ ಕನೆಕ್ಷನ್ ನಿಲ್ಲಿಸಿ ವರ್ಷಗಳಾಗಿದ್ದರೂ ವೈರ್ ಮಾತ್ರ ಹಾಗೇ ಸೇರಿಕೊಂಡಿತ್ತು. ಹಾಗೇ ಬಿಟ್ಟಿದ್ದರೆ ಈ ಮನೆಯ ಜಾಲ ಬೀದಿಗೂ ಹೋಗುತ್ತಿತ್ತು. ಕೇಬಲ್ ಇನ್ನೂ ಬಳಸುವವರು ಆ ಜಾಗದಲ್ಲಿ ಮೋಕಾ ಫಿಲ್ಟರ್ ಹಾಕಬೇಕು. ಅದು ಟಿವಿ ಸಿಗ್ನಲ್ ಒಳಗೆ ಬಿಟ್ಟು, ಮೋಕಾವನ್ನು ಹೊರಗೆ ಹೋಗದಂತೆ ತಡೆದು ಮನೆಯೊಳಗೇ ತಿರುಗಿಸುತ್ತದೆ. ಅದರ ಜೊತೆಗೆ ಅಡಾಪ್ಟರ್‌ಗಳಿಗೆ ಪಾಸ್‌ವರ್ಡ್ ಕೂಡ ಇಟ್ಟೆವು. ಹಲವು ಅಡಾಪ್ಟರ್‌ಗಳಲ್ಲಿ ಅದು ತಾನಾಗಿ ಚಾಲೂ ಆಗಿರುವುದಿಲ್ಲ.

ಅಲುಗಾಡದ 94

ದೀಪಗಳು ಹತ್ತಿದವು. ಮಗನ ಕೋಣೆಯಲ್ಲಿ ನೇರ 290. ಅವನು ಕೇಳಿದ್ದು ವೇಗವನ್ನಲ್ಲ, ಆಟದ ಪಿಂಗ್, ಅಂದರೆ ಸಿಗ್ನಲ್ ಹೋಗಿ ಬರಲು ಹಿಡಿಯುವ ಸಮಯ, ಎಷ್ಟು ಅಂತ. ಮೋಕಾದಿಂದ ಮೂರ್ನಾಲ್ಕು ಮಿಲಿಸೆಕೆಂಡ್ ಸೇರುತ್ತದೆ, ಆದರೆ ವೈಫೈನ ಹಾಗೆ ಏರಿಳಿಯುವುದಿಲ್ಲ. ಅವನಿಗೆ ಅಷ್ಟು ಸಾಕಾಯಿತು.

ಅಕ್ಕನ ಕೋಣೆಯಲ್ಲಿ ಮಾತ್ರ ಒಮ್ಮೆ 150, ಒಮ್ಮೆ 30. ಪ್ಲೇಟ್ ಬಿಚ್ಚಿ ನೋಡಿದರೆ ಕೈಯಲ್ಲಿ ತಿರುಗಿಸಿ ಕೂರಿಸುವ ಅಗ್ಗದ ಕನೆಕ್ಟರ್. ಜಾಲರಿಯ ಒಂದು ಕೂದಲೆಳೆ ನಡುವಿನ ತಾಮ್ರಕ್ಕೆ ಮುಟ್ಟೀತೋ ಇಲ್ಲವೋ ಎಂಬಂತೆ ನಿಂತಿತ್ತು. ತುದಿ ಕತ್ತರಿಸಿ, ಟೂಲ್‌ನಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಹಾಕಿದೆ. ಏರಿಳಿತ ನಿಂತಿತು. ವೇಗ 94.

ಡಬ್ಬದ ಕಡೆಯ ತುದಿಯನ್ನೂ ಹೊಸದು ಮಾಡಿದೆ. 94. ಸ್ಪ್ಲಿಟರ್‌ನ ಬಾಯಿ ಬದಲಾಯಿಸಿದೆ. 94. ಒಂದು ಗಂಟೆ ಹೀಗೇ ಹೋಯಿತು. ಆಮೇಲೆ ಆ ಸಂಖ್ಯೆಯೇ ಮಾತಾಡಿತು. ಕೆಟ್ಟ ಕೋಯಾಕ್ಸ್ ಇಷ್ಟು ಶಿಸ್ತಾಗಿ ಇರುವುದಿಲ್ಲ, ಅದು ಕುಣಿಯುತ್ತದೆ. ಅಲುಗಾಡದೆ 94ರಲ್ಲಿ ನಿಲ್ಲುವುದು 100 ಎಂಬಿಪಿಎಸ್‌ಗೆ ಇಳಿದ ಈಥರ್ನೆಟ್‌ನ ಗುರುತು. ಗಿಗಾಬಿಟ್‌ಗೆ ಕೇಬಲ್‌ನೊಳಗಿನ ನಾಲ್ಕೂ ಜೋಡಿ ಎಳೆ ಬೇಕು. ಒಂದು ಎಳೆ ಮುರಿದರೆ ಎರಡೇ ಜೋಡಿಯಲ್ಲಿ 100ಕ್ಕೆ ಇಳಿದು ಸುಮ್ಮನೆ ನಡೆಯುತ್ತಿರುತ್ತದೆ. ಅಡಾಪ್ಟರ್‌ನಿಂದ ಲ್ಯಾಪ್‌ಟಾಪ್‌ಗೆ ಹಾಕಿದ್ದ ಎರಡಡಿಯ ಹಳೇ ಕೇಬಲ್ ಬದಲಾಯಿಸಿದೆ. 288.

ಕೊನೆಗೆ ಮೇಲೆ ಒಂದು ಹಳೇ ರೂಟರ್ ಇಟ್ಟು, ಅದನ್ನು ಬರೀ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ವೈಫೈಗೆ ಕೆಳಗಿನದೇ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟೆವು. ಮೋಡ್ ಬದಲಾಯಿಸದೆ ಬಿಟ್ಟರೆ ಮನೆಯೊಳಗೆ ಎರಡು ಜಾಲ ಆಗಿ, ಮೇಲಿನಿಂದ ಕೆಳಗಿನ ಪ್ರಿಂಟರ್ ಕಾಣುವುದಿಲ್ಲ.

ಮೂರು ತಿಂಗಳ ನಂತರ

ಒಂದು ಬೆಳಿಗ್ಗೆ ಅಕ್ಕನ ಫೋನ್. ಮೇಲೆ ಇಂಟರ್ನೆಟ್ ಇಲ್ಲ, ತಾತನ ಟಿವಿಯೂ ಒಡೆಯುತ್ತಿದೆ. ಎರಡೂ ಒಟ್ಟಿಗೆ ಎಂದ ಮೇಲೆ ಹೋಗಿ ನೋಡುವ ಮೊದಲೇ ಅಂದಾಜಾಯಿತು. ಹಿಂದಿನ ದಿನ ಡಿಶ್ ಸರಿಮಾಡಲು ಬಂದವರು ಡಬ್ಬ ತೆಗೆದು, ಬಿಡಿಯಾಗಿ ಬಿದ್ದಿದ್ದ ಹಳೇ ಹಾಲ್ ವೈರನ್ನು ಕಂಡು, ಪಾಪ, ಒಳ್ಳೆಯ ಮನಸ್ಸಿನಿಂದ ಅಕ್ಕನ ವೈರ್ ಕಿತ್ತು ಆ ಜಾಗಕ್ಕೆ ಅದನ್ನು ಸೇರಿಸಿದ್ದರು. ತಾರಸಿಯ ಡೈಪ್ಲೆಕ್ಸರ್ ತೆಗೆಯದೆ ಬಿಟ್ಟಿದ್ದು ನನ್ನ ಸೋಮಾರಿತನ. ತುಕ್ಕು ಹಿಡಿದ ಆ ಡಬ್ಬಿಯ ಮೂಲಕ ಮೋಕಾ ಸೋರಿ ಮತ್ತೆ ಟಿವಿಗೆ ತಲುಪಿತ್ತು. ಅವತ್ತೇ ಅದನ್ನು ಕಿತ್ತೆ. ಡಿಶ್‌ನ ವೈರ್ ಈಗ ನೇರವಾಗಿ ಹಾಲ್‌ಗೆ ಇಳಿಯುತ್ತದೆ.

ಇಂಥದ್ದೇ ಮನೆ ಇನ್ನೊಂದು ಸಿಕ್ಕರೆ ಅಡಾಪ್ಟರ್ ತರಿಸುವ ಮೊದಲೇ ವೈರ್‌ಗಳ ನಕ್ಷೆ ಬರೆಯುತ್ತೇನೆ. ಮೀಟರ್ ಕೂಗದ ವೈರ್‌ಗೆ ಹೆಸರಿಡುವುದಿಲ್ಲ. ಡಿಶ್ ಕಂಡರೆ ಅದರ ವೈರನ್ನು ಮೂತಿಯಿಂದ ಟಿವಿವರೆಗೆ ಕೈಯಲ್ಲಿ ಹಿಡಿದು ನಡೆಯುತ್ತೇನೆ. ಒಂದೇ ವೈರ್‌ನಲ್ಲಿ ಡಿಶ್ ಮತ್ತು ಮೋಕಾ ಎರಡೂ ಬೇಕು, ಬೇರೆ ವೈರ್ ಇಲ್ಲ ಎಂದಾದರೆ ಈ ಕೆಲಸಕ್ಕೆ ಕೈ ಹಾಕುವ ಮುನ್ನ ಎರಡು ಸಲ ಯೋಚಿಸುತ್ತೇನೆ.

ಈ ಮನೆಯ ಡಬ್ಬದ ಮುಚ್ಚಳದ ಒಳಗೆ ಈಗ ಒಂದು ನಕ್ಷೆ ಅಂಟಿಸಿದೆ. ಪ್ರತಿ ವೈರ್‌ಗೂ ಒಂದೊಂದು ಚೀಟಿ, ಬರೆದವರು ತಾತ, ದುಂಡಗಿನ ಅಕ್ಷರದಲ್ಲಿ. ಸುರುಳಿ ಸುತ್ತಿಕೊಂಡು ಬಿದ್ದಿರುವ ಆರನೇ ವೈರ್ ಎಲ್ಲಿಗೆ ಹೋಗುತ್ತದೆ ಎಂದು ಇನ್ನೂ ಪತ್ತೆಯಾಗಿಲ್ಲ. ಅದಕ್ಕೂ ಚೀಟಿ ಇದೆ. “ಗೊತ್ತಿಲ್ಲ. ಮುಟ್ಟಬೇಡಿ.”